ಕೇಸು ಗೆದ್ದರೂ ಸೀಟು ಉಳಿಯಲಿಲ್ಲ: ನಾರ್ತ್ ಕ್ಯಾರೊಲಿನಾದ ಕ್ಷೇತ್ರ ನಕ್ಷೆಗಳ ಲೆಕ್ಕ

2022ರ ನವೆಂಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದಿಂದ ಅಮೆರಿಕದ ಸಂಸತ್ತಿನ ಕೆಳಮನೆಗೆ 7 ಡೆಮಾಕ್ರಟರು, 7 ರಿಪಬ್ಲಿಕನ್ನರು ಆರಿಸಿಹೋದರು. ಎರಡೇ ವರ್ಷಕ್ಕೆ, 2024ರಲ್ಲಿ, ಆ ಲೆಕ್ಕ 10 ರಿಪಬ್ಲಿಕನ್, 4 ಡೆಮಾಕ್ರಟ್ ಆಯಿತು. ಮತದಾರರು ಅಷ್ಟೊಂದು ಮನಸ್ಸು ಬದಲಿಸಿದರಾ? ಇಲ್ಲ. ಅದೇ ದಿನ ಅದೇ ಜನ ಟ್ರಂಪ್ ಅವರನ್ನೂ ಗೆಲ್ಲಿಸಿದರು, ಗವರ್ನರ್ ಸ್ಥಾನಕ್ಕೆ ಡೆಮಾಕ್ರಟ್ ಜೋಶ್ ಸ್ಟೈನ್ ಅವರನ್ನೂ ಗೆಲ್ಲಿಸಿದರು. ಬದಲಾಗಿದ್ದು ಕ್ಷೇತ್ರಗಳ ಗೆರೆ. ಅದಕ್ಕೂ ಮೊದಲು ಬದಲಾಗಿದ್ದು ಆ ಗೆರೆ ಸರಿಯೋ ತಪ್ಪೋ ಎಂದು ಹೇಳಬೇಕಾದ ಕೋರ್ಟಿನ ಪೀಠ. ಆ ಸಲ ಕೆಳಮನೆಯ ಒಟ್ಟು ಫಲಿತಾಂಶ ರಿಪಬ್ಲಿಕನ್ 220, ಡೆಮಾಕ್ರಟ್ 215. ಈ ಮೂರು ಸೀಟು ಡೆಮಾಕ್ರಟರ ಕಡೆಗೇ ಉಳಿದಿದ್ದರೆ 217–218 ಆಗಿ ಬಹುಮತವೇ ತಿರುಗುತ್ತಿತ್ತು.

"ಕೋರ್ಟ್ ನಕ್ಷೆ ರದ್ದು ಮಾಡಿತು" ಎಂಬ ಸುದ್ದಿ ಓದಿ ಸಂಭ್ರಮಿಸುವವರಿಗೆ ನಾನು ಹೇಳಬೇಕಿರುವುದು ಒಂದೇ. ತೀರ್ಪಿನಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಯಾವ ತಿಂಗಳು ಬಂತು, ಹೊಸ ನಕ್ಷೆ ಬರೆಯುವ ಅಧಿಕಾರ ಯಾರ ಕೈಲಿದೆ, ತೀರ್ಪು ಕೊಟ್ಟ ನ್ಯಾಯಮೂರ್ತಿಗಳ ಅವಧಿ ಯಾವಾಗ ಮುಗಿಯುತ್ತದೆ, ಇವನ್ನು ಮೊದಲು ನೋಡಿ.

ಅಲ್ಲಿನ ರಾಜ್ಯ ಶಾಸನಸಭೆ ಗೆರೆ ಎಳೆಯುವ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. 2020ರ ಜನಗಣತಿಯಲ್ಲಿ ನಾರ್ತ್ ಕ್ಯಾರೊಲಿನಾದ ಜನಸಂಖ್ಯೆ 1,04,39,388. ಸೀಟು 13ರಿಂದ 14ಕ್ಕೆ ಏರಿತು. ಭಾಗಿಸಿದರೆ ಒಂದು ಕ್ಷೇತ್ರಕ್ಕೆ 7,45,671 ಜನ, ಹೆಚ್ಚೆಂದರೆ ಒಬ್ಬರು ಕಮ್ಮಿ. ಈ ಎಣಿಕೆಗೆ ಪೌರತ್ವ ಬೇಕಿಲ್ಲ. ರಾಲಿ ಪಕ್ಕದ ಕೇರಿ, ಮಾರಿಸ್‌ವಿಲ್‌ಗಳಲ್ಲಿ ಎಚ್‌1ಬಿ ವೀಸಾದ ಮೇಲಿರುವ ಕನ್ನಡದ ಕುಟುಂಬಗಳೂ ಈ ಸಂಖ್ಯೆಯೊಳಗೇ ಸೇರುತ್ತವೆ, ಮತ ಹಾಕುವ ಹಕ್ಕು ಇಲ್ಲದಿದ್ದರೂ. ಜನಸಂಖ್ಯೆ ಸಮ ಇರಬೇಕು ಎನ್ನುವ ನಿಯಮ ಇಷ್ಟು ಬಿಗಿ. ಆದರೆ ಆ ಜನರನ್ನು ಎಲ್ಲಿಂದ ಆರಿಸಿ ತರಬೇಕು ಎನ್ನುವುದು ಸಡಿಲ. ಕಂಪ್ಯೂಟರ್ ಪರದೆ ಮೇಲೆ ಒಂದೊಂದು ಮತಗಟ್ಟೆಯ ಹಿಂದಿನ ಚುನಾವಣೆಗಳ ಫಲಿತಾಂಶ ಬಣ್ಣದಲ್ಲಿ ಕಾಣುತ್ತದೆ. ಎದುರು ಪಕ್ಷದ ಮತದಾರರನ್ನು ಒಂದೆರಡು ಕ್ಷೇತ್ರಗಳಲ್ಲಿ ಒತ್ತೊತ್ತಾಗಿ ತುಂಬಿದರೆ ಅಲ್ಲಿ ಅವರು ಬೇಕಿಲ್ಲದಷ್ಟು ಅಂತರದಲ್ಲಿ ಗೆಲ್ಲುತ್ತಾರೆ. ಉಳಿದವರನ್ನು ಒಡೆದು ಮೂರು ನಾಲ್ಕು ಕ್ಷೇತ್ರಗಳಿಗೆ ಹಂಚಿದರೆ ಎಲ್ಲೂ ಗೆಲ್ಲುವುದಿಲ್ಲ. ಗೆರಿಮ್ಯಾಂಡರಿಂಗ್ ಎಂದರೆ ಇಷ್ಟೇ.

ಗ್ರೀನ್ಸ್‌ಬೊರೊ ನಗರದ ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ ವಿಶ್ವವಿದ್ಯಾಲಯ ಕರಿಯರ ಚಾರಿತ್ರಿಕ ವಿದ್ಯಾಸಂಸ್ಥೆಗಳಲ್ಲಿ ದೊಡ್ಡದು. 2016ರ ನಕ್ಷೆಯ ಗೆರೆ ಅದರ ಕ್ಯಾಂಪಸ್ಸಿನ ಒಳಗೇ, ಲಾರೆಲ್ ಸ್ಟ್ರೀಟ್ ಗುಂಟ ಹಾದುಹೋಗಿತ್ತು. ಬೀದಿಯ ಈ ಪಕ್ಕದ ಹಾಸ್ಟೆಲ್ 6ನೇ ಕ್ಷೇತ್ರ, ಆ ಪಕ್ಕದ ಹಾಸ್ಟೆಲ್ 13ನೇ ಕ್ಷೇತ್ರ. ಹಾಸ್ಟೆಲ್ ಬದಲಾಯಿಸಿದ ವಿದ್ಯಾರ್ಥಿಗೆ ತನ್ನ ಸಂಸದ ಯಾರು ಎನ್ನುವುದೂ ಬದಲಾಗುತ್ತಿತ್ತು. ಎರಡೂ ಕಡೆ ರಿಪಬ್ಲಿಕನ್ನರೇ ಗೆದ್ದರು.

ಈ 2016ರ ನಕ್ಷೆ ಬಂದಿದ್ದೇ ಇನ್ನೊಂದು ಕೇಸಿನಿಂದ. 2011ರಲ್ಲಿ ಮಾಡಿದ ನಕ್ಷೆಯಲ್ಲಿ 1 ಮತ್ತು 12ನೇ ಕ್ಷೇತ್ರಗಳನ್ನು ಜನಾಂಗದ ಆಧಾರದ ಮೇಲೆ ರಚಿಸಲಾಗಿದೆ ಎಂದು ಫೆಡರಲ್ (ಅಂದರೆ ಕೇಂದ್ರದ) ಕೋರ್ಟ್ 2016ರ ಫೆಬ್ರವರಿಯಲ್ಲಿ ಹೇಳಿತು, ಮರುವರ್ಷ ದೇಶದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ 2012, 2014ರ ಎರಡು ಚುನಾವಣೆ ಆ ನಕ್ಷೆಯ ಮೇಲೇ ಮುಗಿದಿದ್ದವು. 2012ರಲ್ಲಂತೂ ರಾಜ್ಯದಾದ್ಯಂತ ಹೆಚ್ಚು ಮತ ಪಡೆದ ಡೆಮಾಕ್ರಟರಿಗೆ ಸಿಕ್ಕಿದ್ದು 13ರಲ್ಲಿ 4 ಸೀಟು. ಹಾಗೆ ಗೆದ್ದವರನ್ನು ಯಾರೂ ಮನೆಗೆ ಕಳಿಸುವುದಿಲ್ಲ, ಅವರು ಹಾಕಿದ ಮತವನ್ನೂ ಯಾರೂ ವಾಪಸ್ ಪಡೆಯುವುದಿಲ್ಲ. ಇಂಥ ಕೇಸುಗಳಲ್ಲಿ ಹಿಂದಿನದಕ್ಕೆ ಪರಿಹಾರ ಎನ್ನುವುದೇ ಇಲ್ಲ. ನಕ್ಷೆ ಮಾಡಿದವರ ವಕೀಲರು ಒಂದು ವರ್ಷ ಎಳೆದರೆ ಅವರ ಕಕ್ಷಿದಾರರಿಗೆ ಎರಡು ವರ್ಷದ ಸೀಟು ಸಿಕ್ಕ ಹಾಗೆ. ಎಳೆಯುವುದಕ್ಕೆ ದಾರಿಗಳೂ ಇವೆ: ಶಾಸಕರ ವಿಶೇಷ ಹಕ್ಕು ಎಂದು ಹೇಳಿ ಇಮೇಲ್, ಕರಡು ನಕ್ಷೆಗಳನ್ನು ಕೊಡದಿರುವುದು, ಕೇಸನ್ನು ರಾಜ್ಯದ ಕೋರ್ಟಿನಿಂದ ಫೆಡರಲ್ ಕೋರ್ಟಿಗೆ ಎಳೆಯುವುದು, ಪ್ರತಿ ಆದೇಶದ ಮೇಲೂ ಮೇಲ್ಮನವಿ ಹಾಕುವುದು.

ಜನಾಂಗ ನೋಡಿ ಗೆರೆ ಎಳೆದರೆ ಕಾನೂನಿಗೆ ವಿರುದ್ಧ ಎಂದಾದ ಮೇಲೆ ನಕ್ಷೆ ಮಾಡುವವರು ಪಕ್ಷದ ಹೆಸರನ್ನೇ ಬಹಿರಂಗವಾಗಿ ಹೇಳತೊಡಗಿದರು. 2016ರಲ್ಲಿ ಮರುವಿಂಗಡಣೆ ಸಮಿತಿಯ ಮುಂದೆ ರಿಪಬ್ಲಿಕನ್ ಶಾಸಕ ಡೇವಿಡ್ ಲೂಯಿಸ್, ನಕ್ಷೆ 10 ರಿಪಬ್ಲಿಕನ್, 3 ಡೆಮಾಕ್ರಟ್ ಆಗುವ ಹಾಗಿರಲಿ, 11–2 ಮಾಡಲು ಸಾಧ್ಯವಿಲ್ಲ ಎನ್ನುವ ಕಾರಣಕ್ಕಷ್ಟೇ 10–3 ಎಂದರು. ಇದು ಬಾಯಿ ತಪ್ಪಿ ಬಂದ ಮಾತಾಗಿರಲಿಲ್ಲ. ನಾಳೆ ಕೋರ್ಟಿನಲ್ಲಿ "ನಮ್ಮ ಉದ್ದೇಶ ಪಕ್ಷ, ಜನಾಂಗ ಅಲ್ಲ" ಎಂದು ತೋರಿಸಲು ದಾಖಲೆಗೆ ಸೇರಿಸಿದ ಮಾತು. ಆ ಲೆಕ್ಕಾಚಾರ ಫಲಿಸಿತು. 2019ರ ಜೂನ್ 27ರಂದು ರೂಚೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ, ಪಕ್ಷದ ಲಾಭಕ್ಕೆ ಎಳೆದ ಗೆರೆಯ ಕೇಸನ್ನು ಫೆಡರಲ್ ಕೋರ್ಟುಗಳು ಕೇಳುವಂತೆಯೇ ಇಲ್ಲ ಎಂದಿತು. ಅದೇ ತೀರ್ಪಿನಲ್ಲಿ ಮೇರಿಲ್ಯಾಂಡಿನಲ್ಲಿ ಡೆಮಾಕ್ರಟರು ಮಾಡಿದ ನಕ್ಷೆಯೂ ಬಚಾವಾಯಿತು. ಆ ತೀರ್ಪು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಳೆಯಲು ಮಾನದಂಡ ಇಲ್ಲ ಎಂದು ಕೋರ್ಟ್ ಹೇಳಿತು, ಮಾನದಂಡ ಅದರ ಎದುರಿಗೇ ಇತ್ತು.

ಆ ಮಾನದಂಡ ಗಣಿತದ್ದು. ಡ್ಯೂಕ್ ವಿಶ್ವವಿದ್ಯಾಲಯದ ಜೊನಾಥನ್ ಮ್ಯಾಟಿಂಗ್ಲಿ ಅವರಂಥ ತಜ್ಞರು ಕಂಪ್ಯೂಟರಿಗೆ ನಿಯಮಗಳನ್ನಷ್ಟೇ ಕೊಡುತ್ತಾರೆ: ಜನಸಂಖ್ಯೆ ಸಮ ಇರಲಿ, ಕ್ಷೇತ್ರ ತುಂಡಾಗದೆ ಒಂದಕ್ಕೊಂದು ಕೂಡಿಕೊಂಡಿರಲಿ, ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಆದಷ್ಟು ಒಡೆಯಬೇಡ, ಆಕಾರ ಅಡ್ಡಾದಿಡ್ಡಿ ಬೇಡ. ಪಕ್ಷದ ಮಾಹಿತಿ ಕೊಡುವುದಿಲ್ಲ. ಹೀಗೆ ಸಾವಿರಾರು ನಕ್ಷೆ ತೆಗೆದು, ಒಂದೊಂದರ ಮೇಲೂ ಹಳೆಯ ಚುನಾವಣೆಗಳ ಮತ ಹರಡಿ ಯಾರಿಗೆ ಎಷ್ಟು ಸೀಟು ಬರುತ್ತದೆ ಎಂದು ಎಣಿಸುತ್ತಾರೆ. ಶಾಸನಸಭೆ ಮಾಡಿದ ನಕ್ಷೆ ಆ ರಾಶಿಯ ನಡುವೆ ಬಿದ್ದರೆ ಮಾಮೂಲು. ಅಂಚಿನಾಚೆ ಬಿದ್ದರೆ ಅದು ಊರಿನ ಭೂಗೋಳದಿಂದ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನಗರಗಳಲ್ಲಿ ಡೆಮಾಕ್ರಟರು ತಾವಾಗಿಯೇ ಒತ್ತಾಗಿ ಇದ್ದಾರಲ್ಲ ಎಂಬ ಸಾಮಾನ್ಯ ವಾದಕ್ಕೆ ಇದೇ ಉತ್ತರ. ಕಂಪ್ಯೂಟರಿನ ಅಷ್ಟೂ ನಕ್ಷೆಗಳಲ್ಲಿ ಆ ಒತ್ತು ಇದ್ದೇ ಇರುತ್ತದೆ.

ಫೆಡರಲ್ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ರಾಜ್ಯದ ಸಂವಿಧಾನ, ರಾಜ್ಯದ ಕೋರ್ಟು. ಪೆನ್ಸಿಲ್ವೇನಿಯಾ ಆ ದಾರಿಯನ್ನು ಆಗಲೇ ತೋರಿಸಿತ್ತು. ಚುನಾವಣೆಗಳು ಮುಕ್ತವಾಗಿಯೂ ಸಮಾನವಾಗಿಯೂ ಇರಬೇಕು ಎಂಬ ತನ್ನ ಸಂವಿಧಾನದ ಮಾತನ್ನು ಹಿಡಿದು ಅಲ್ಲಿನ ಸುಪ್ರೀಂ ಕೋರ್ಟ್ 2018ರ ಜನವರಿ 22ರಂದು ನಕ್ಷೆ ರದ್ದು ಮಾಡಿತು, ಫೆಬ್ರವರಿ 19ಕ್ಕೆ ತನ್ನದೇ ನಕ್ಷೆ ಕೊಟ್ಟಿತು. ಹಿಂದೆ ರಿಪಬ್ಲಿಕನ್ನರ ಪರ 13–5 ಇದ್ದದ್ದು ಆ ವರ್ಷ 9–9 ಆಯಿತು.

ನಾರ್ತ್ ಕ್ಯಾರೊಲಿನಾದಲ್ಲಿ ಹೊಸ ನಕ್ಷೆಗೆ 2021ರ ನವೆಂಬರ್ 4ರಂದು ಒಪ್ಪಿಗೆ ಸಿಕ್ಕಿತು. ಮರುವಿಂಗಡಣೆಗೆ ಅಲ್ಲಿನ ಗವರ್ನರ್ ವೀಟೊ ಹಾಕುವಂತಿಲ್ಲ, ಹಾಗಾಗಿ ಕೋರ್ಟ್ ಒಂದೇ ದಾರಿ. ಕೂಡಲೇ ಕೇಸು ಬಿತ್ತು. ಡಿಸೆಂಬರ್‌ನಲ್ಲಿ ಶುರುವಾಗಿದ್ದ ನಾಮಪತ್ರ ಸಲ್ಲಿಕೆಯನ್ನು ರಾಜ್ಯದ ಸುಪ್ರೀಂ ಕೋರ್ಟ್ ನಿಲ್ಲಿಸಿ, ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಪ್ರೈಮರಿಯನ್ನು ಮಾರ್ಚ್ 8ರಿಂದ ಮೇ 17ಕ್ಕೆ ಮುಂದೂಡಿತು. ಇಡೀ ಕೇಸಿನ ಜೀವ ಇದ್ದದ್ದು ಈ ಒಂದು ಆದೇಶದಲ್ಲಿ. ಜನವರಿ 11ಕ್ಕೆ ಮೂವರು ನ್ಯಾಯಾಧೀಶರ ವಿಚಾರಣಾ ಪೀಠ, ನಕ್ಷೆ ಪಕ್ಷದ ಲಾಭಕ್ಕೇ ಮಾಡಿದ್ದು ಹೌದು ಆದರೆ ರದ್ದು ಮಾಡುವ ಅಧಿಕಾರ ನಮಗಿಲ್ಲ ಎಂದಿತು. ಫೆಬ್ರವರಿ 4ಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ 4–3ರಲ್ಲಿ ರದ್ದು ಮಾಡಿತು. ತಪ್ಪು ತಿದ್ದಲು ಶಾಸನಸಭೆಗೆ ಕನಿಷ್ಠ ಎರಡು ವಾರ ಕೊಡಲೇಬೇಕು ಎಂಬುದು ಅಲ್ಲಿನ ಕಾನೂನು. ಅದನ್ನು ಕೊಟ್ಟರು. ಬಂದ ನಕ್ಷೆ ಸರಿಯಿಲ್ಲವೆಂದು ಫೆಬ್ರವರಿ 23ಕ್ಕೆ ವಿಚಾರಣಾ ಪೀಠ ತಜ್ಞರ ನೆರವಿನ ತಾತ್ಕಾಲಿಕ ನಕ್ಷೆ ಹೊರಡಿಸಿತು. ಮರುದಿನವೇ ನಾಮಪತ್ರ ಮತ್ತೆ ಶುರು. ಇಷ್ಟು ಅವಸರ ಯಾಕೆಂದರೆ ನಕ್ಷೆ ಬಂದ ಮೇಲೆ ಪ್ರತಿ ಕೌಂಟಿಯ ಚುನಾವಣಾ ಕಚೇರಿ ಒಬ್ಬೊಬ್ಬ ಮತದಾರರ ವಿಳಾಸವನ್ನೂ ಹೊಸ ಕ್ಷೇತ್ರಕ್ಕೆ ಸೇರಿಸಬೇಕು, ಬೇರೆ ಬೇರೆ ಮತಪತ್ರ ಮುದ್ರಿಸಬೇಕು, ಫೆಡರಲ್ ಕಾನೂನಿನಂತೆ ಸೈನಿಕರಿಗೆ, ವಿದೇಶದಲ್ಲಿರುವವರಿಗೆ ಮತದಾನಕ್ಕೆ 45 ದಿನ ಮೊದಲೇ ಮತಪತ್ರ ಕಳಿಸಬೇಕು. ಈ ಕೆಲಸ ತಪ್ಪಿದರೆ ಒಂದೇ ಬೀದಿಯ ಎರಡು ಮನೆಗೆ ತಪ್ಪು ಕ್ಷೇತ್ರದ ಮತಪತ್ರ ಹೋಗುತ್ತದೆ.

ಆ ತಾತ್ಕಾಲಿಕ ನಕ್ಷೆಯಿಂದ ಬಂದದ್ದೇ 7–7. ಆದರೆ ಅದೇ ನವೆಂಬರ್‌ನಲ್ಲಿ, ಅದೇ ಮತಪತ್ರದ ಕೆಳಗಿನ ಸಾಲುಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಎರಡು ಸ್ಥಾನಗಳೂ ಇದ್ದವು. ಅಲ್ಲಿ ನ್ಯಾಯಮೂರ್ತಿಗಳನ್ನು ಜನರೇ ಎಂಟು ವರ್ಷಕ್ಕೆ ಆರಿಸುತ್ತಾರೆ, ಪಕ್ಷದ ಹೆಸರಿನ ಮೇಲೆ. ಎರಡನ್ನೂ ರಿಪಬ್ಲಿಕನ್ನರು ಗೆದ್ದರು. ಡೆಮಾಕ್ರಟರ ಕಡೆ 4–3 ಇದ್ದ ಪೀಠ ರಿಪಬ್ಲಿಕನ್ನರ ಕಡೆ 5–2ಕ್ಕೆ ತಿರುಗಿತು. 2023ರ ಫೆಬ್ರವರಿಯಲ್ಲಿ ಮರುವಿಚಾರಣೆಗೆ ಒಪ್ಪಿಗೆ, ಮಾರ್ಚ್‌ನಲ್ಲಿ ವಾದ, ಏಪ್ರಿಲ್ 28ಕ್ಕೆ ಹಿಂದಿನ ತೀರ್ಪು ರದ್ದು. ಸಂವಿಧಾನದ ಒಂದಕ್ಷರ ಬದಲಾಗಿರಲಿಲ್ಲ, ದಾಖಲೆ ಹಳೆಯದೇ, ಸಾಕ್ಷ್ಯವೂ ಹಳೆಯದೇ. ಅಕ್ಟೋಬರ್‌ನಲ್ಲಿ ಶಾಸನಸಭೆ ಹೊಸ ನಕ್ಷೆ ಮಾಡಿತು. ಜೆಫ್ ಜಾಕ್ಸನ್, ವೈಲಿ ನಿಕಲ್, ಕ್ಯಾಥಿ ಮ್ಯಾನಿಂಗ್ ಎಂಬ ಮೂವರು ಹಾಲಿ ಡೆಮಾಕ್ರಟಿಕ್ ಸಂಸದರು ತಮ್ಮ ಸೀಟಿಗೆ ಮತ್ತೆ ನಿಲ್ಲಲೇ ಇಲ್ಲ. ಇದರ ನಡುವೆ 2023ರ ಜೂನ್ 27ರಂದು ಮೂರ್ ವಿರುದ್ಧ ಹಾರ್ಪರ್ ಪ್ರಕರಣದಲ್ಲಿ, ಶಾಸನಸಭೆಯ ನಕ್ಷೆಯನ್ನು ರಾಜ್ಯದ ಕೋರ್ಟು ಪರಿಶೀಲಿಸಬಹುದು ಎಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ 6–3ರಲ್ಲಿ ಹೇಳಿತು. ದೇಶಕ್ಕೆಲ್ಲ ಅದು ದೊಡ್ಡ ಗೆಲುವು. ಕೇಸು ಹಾಕಿದ್ದವರ ಸ್ವಂತ ರಾಜ್ಯದಲ್ಲಿ ಆ ಹೊತ್ತಿಗೆ ಪರಿಶೀಲಿಸಲು ಸಿದ್ಧವಿದ್ದ ಪೀಠವೇ ಉಳಿದಿರಲಿಲ್ಲ. 2012ರಿಂದ 2024ರವರೆಗೆ ಏಳು ಚುನಾವಣೆಗೆ ಐದು ನಕ್ಷೆ ಕಂಡ ಈ ರಾಜ್ಯ 2025ರ ಅಕ್ಟೋಬರ್‌ನಲ್ಲಿ ಮತ್ತೊಂದನ್ನು ಮಾಡಿತು, ಈ ಸಲ 1ನೇ ಕ್ಷೇತ್ರಕ್ಕೆ ಕೈ ಹಾಕಿ.

ಬೇರೆ ರಾಜ್ಯಗಳಲ್ಲೂ ಇದೇ ಪಾಠ. 2006ರ ಪರ್ಸೆಲ್ ತೀರ್ಪಿನಿಂದ ಬಂದ ತತ್ವದ ಪ್ರಕಾರ ಚುನಾವಣೆ ಹತ್ತಿರವಿದ್ದಾಗ ಫೆಡರಲ್ ಕೋರ್ಟುಗಳು ನಿಯಮ ಬದಲಿಸಬಾರದು. ಹತ್ತಿರ ಎಂದರೆ ಎಷ್ಟು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಅಲಬಾಮದ ನಕ್ಷೆಯನ್ನು ಮೂವರ ಪೀಠ 2022ರ ಜನವರಿ 24ರಂದು ತಡೆಹಿಡಿಯಿತು, ಪ್ರೈಮರಿಗೆ ಸರಿಯಾಗಿ ನಾಲ್ಕು ತಿಂಗಳಿತ್ತು. ಅದೂ ತಡವಾಯಿತೆಂದು ಎರಡೇ ವಾರಕ್ಕೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮರುವರ್ಷ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಆ ಮೂವರು ಹೇಳಿದ್ದು ಸರಿ ಎಂದಿತು. ಅಷ್ಟರಲ್ಲಿ ಒಂದು ಚುನಾವಣೆ ಮುಗಿದಿತ್ತು. ಟೆಕ್ಸಾಸಿನಲ್ಲಿ 2025ರ ನವೆಂಬರ್ 18ರಂದು ತಡೆಹಿಡಿದ ನಕ್ಷೆ ಡಿಸೆಂಬರ್ 4ಕ್ಕೆ ಜೀವ ಪಡೆಯಿತು, ನಾಮಪತ್ರದ ಕೊನೆಯ ದಿನ ಡಿಸೆಂಬರ್ 8. ಒಹಾಯೊದಲ್ಲಿ ಇನ್ನೂ ಕೆಟ್ಟದ್ದಾಯಿತು. ರಾಜ್ಯ ಶಾಸನಸಭೆಯ ನಕ್ಷೆಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಐದು ಸಲ ತಿರಸ್ಕರಿಸಿತು. ಆದರೆ ತಾನೇ ನಕ್ಷೆ ಬರೆಯುವ ಅಧಿಕಾರ ಅದಕ್ಕೆ ರಾಜ್ಯದ ಸಂವಿಧಾನದಲ್ಲಿಲ್ಲ. ಮರುವಿಂಗಡಣಾ ಆಯೋಗ ಹೊತ್ತು ಕಳೆಯಿತು, ತಿರಸ್ಕೃತ ನಕ್ಷೆಯೊಂದರ ಮೇಲೇ ಮತದಾನ ನಡೆಯಿತು. ನ್ಯೂಯಾರ್ಕಿನಲ್ಲಿ ಡೆಮಾಕ್ರಟರ ನಕ್ಷೆ 2022ರ ಏಪ್ರಿಲ್ 27ರಂದು ರದ್ದಾದಾಗ ಕೋರ್ಟು ತಜ್ಞರನ್ನು ನೇಮಿಸಿ, ಪ್ರೈಮರಿಯನ್ನು ಜೂನ್‌ನಿಂದ ಆಗಸ್ಟ್ 23ಕ್ಕೆ ಸರಿಸಿ ಕೆಲಸ ಮುಗಿಸಿತು. ಆ ರಾಜ್ಯದ 26 ಸೀಟಿನಲ್ಲಿ ರಿಪಬ್ಲಿಕನ್ನರಿಗೆ 11 ಬಂದವು.

ನಮ್ಮಲ್ಲಿ ಲೋಕಸಭೆ, ವಿಧಾನಸಭೆ ಕ್ಷೇತ್ರಗಳ ಗೆರೆಯನ್ನು ಕೋರ್ಟಿನಲ್ಲಿ ಪ್ರಶ್ನಿಸದ ಹಾಗೆ ಸಂವಿಧಾನದ 329(ಎ) ವಿಧಿ ತಡೆದಿದೆ. ಸ್ಥಳೀಯ ಸಂಸ್ಥೆಗಳಲ್ಲಿ ಮಾತ್ರ ಕೇಸುಗಳಿಗೆ ಬರವಿಲ್ಲ, ಆದರೆ ರೋಗ ಉಲ್ಟಾ. ಅಮೆರಿಕದಲ್ಲಿ ಪ್ರೈಮರಿ ಸರಿದರೂ ನವೆಂಬರ್ ಚುನಾವಣೆಯ ದಿನ ಅಲುಗಾಡುವುದಿಲ್ಲ, ಹಾಗಾಗಿ ಕೆಟ್ಟ ನಕ್ಷೆಯ ಮೇಲೇ ಮತದಾನ ಆಗಿಹೋಗುತ್ತದೆ. ಬೆಂಗಳೂರಿನಲ್ಲಿ ಚುನಾವಣೆಯೇ ನಿಂತುಹೋಗುತ್ತದೆ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ವಾರ್ಡುಗಳು 198ರಿಂದ 243 ಆದವು, ಮತ್ತೆ 225 ಆದವು, ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಗಿ ಬಂತು. ಕೊನೆಗೆ ಬಿಬಿಎಂಪಿಯೇ ಹೋಗಿ 2025ರಲ್ಲಿ ಐದು ಪಾಲಿಕೆಗಳು ಬಂದವು. ಅಷ್ಟು ಕಾಲ ವಾರ್ಡಿಗೊಬ್ಬ ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳೇ ನಗರ ನಡೆಸಿದರು. ಎರಡೂ ಕಡೆ ಹೊತ್ತು ಕಳೆದದ್ದರ ಲಾಭ ಅಧಿಕಾರದಲ್ಲಿದ್ದವರಿಗೇ.

ನಾರ್ತ್ ಕ್ಯಾರೊಲಿನಾದಲ್ಲಿ ಮತ ಹಾಕುವ ಹಕ್ಕಿರುವ ನಮ್ಮವರು ಮತಪತ್ರದ ಕೆಳಗಿನ ಸಾಲುಗಳನ್ನು ಖಾಲಿ ಬಿಡಬೇಡಿ. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂದು ಸ್ಥಾನ ಬರೀ 734 ಮತದ ಅಂತರದಲ್ಲಿ ನಿರ್ಧಾರವಾಯಿತು, ಆ ಎಣಿಕೆಯ ವ್ಯಾಜ್ಯ ಮುಗಿಯಲು 2025ರ ಮೇ ಬರಬೇಕಾಯಿತು. 2030ರ ಜನಗಣತಿ ಆಧರಿಸಿ 2031ರಲ್ಲಿ ಬರುವ ನಕ್ಷೆಯ ಕೇಸು ಕೇಳುವುದು ಏಳು ಜನರ ಇದೇ ಪೀಠ. ಅದರಲ್ಲಿ ಅನಿತಾ ಅರ್ಲ್ಸ್ ಅವರ ಸ್ಥಾನಕ್ಕೆ 2026ರ ನವೆಂಬರ್‌ನಲ್ಲಿ, ಮೂರು ಸ್ಥಾನಗಳಿಗೆ 2028ರಲ್ಲಿ, ಇನ್ನೆರಡಕ್ಕೆ 2030ರಲ್ಲಿ ಮತದಾನ.