ಹುಲ್ಲಿನ ಮೇಲೆ ಕೂರಬಹುದಾದ ಊರು

ನ್ಯೂಯಾರ್ಕಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜೂನ್ ಕೊನೆಗೆ. ಅಷ್ಟೊತ್ತಿಗೆ ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ತಿಂಗಳಾಗಿ, ಮೇಳದವರು ಗೆಜ್ಜೆ ಬಿಚ್ಚಿ, ಮಳೆ ಹಿಡಿದಿರುತ್ತದೆ. ಅಲ್ಲಿ ಆಟ ನಿಂತ ಮೇಲೆ ಇಲ್ಲಿ ಶುರು. ನಾನಿರುವ ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್‌ನಲ್ಲಿ ಜುಲೈ, ಆಗಸ್ಟ್ ಸಂಜೆಗಳಲ್ಲಿ ಮನೆಯೊಳಗೆ ಕೂರುವವರು ಕಡಿಮೆ. ಈ ದೇಶದ ಬಗ್ಗೆ ನನಗೆ ತಕರಾರುಗಳು ಬೇಕಾದಷ್ಟಿವೆ, ಆಸ್ಪತ್ರೆಯ ಬಿಲ್ಲಿನಿಂದ ಹಿಡಿದು. ಆದರೆ ಬೇಸಿಗೆಯ ಸಂಜೆಯನ್ನು ಈ ಊರು ದುಡ್ಡು ಕೇಳದೆ ಮನೆಮಂದಿಗೆಲ್ಲ ಬಿಟ್ಟುಕೊಡುವ ರೀತಿಯನ್ನು ನಮ್ಮ ನಗರಗಳು ಕಲಿಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ 34ನೇ ಅವೆನ್ಯೂವನ್ನೇ ನೋಡಿ. 2020ರ ಕೊರೋನಾ ಕಾಲದಲ್ಲಿ, ಪುಟ್ಟ ಪುಟ್ಟ ಮನೆಗಳಲ್ಲಿ ಉಸಿರುಗಟ್ಟಿ ಕೂತಿದ್ದ ಜನಕ್ಕೆ ಓಡಾಡಲು ಜಾಗ ಬೇಕೆಂದು ಈ ರಸ್ತೆಯ 26 ಬ್ಲಾಕುಗಳಲ್ಲಿ ವಾಹನ ಸಂಚಾರಕ್ಕೆ ತಡೆ ಹಾಕಿದರು. ರೋಗದ ಭಯ ಹೋಯಿತು, ರಸ್ತೆ ಮಾತ್ರ ಜನರ ಕೈಯಲ್ಲೇ ಉಳಿಯಿತು. ಬಿಟ್ಟುಕೊಡಬಾರದು ಎಂದು ಅಕ್ಕಪಕ್ಕದವರು ಪಟ್ಟು ಹಿಡಿದರು. ಅಲ್ಲಿ ಈಗ ಕುಣಿತ, ಮಕ್ಕಳಿಗೆ ಬಣ್ಣ ಹಚ್ಚುವ ಮೇಜು, ಹೊಸದಾಗಿ ಬಂದವರಿಗೆ ಇಂಗ್ಲಿಷ್ ಪಾಠ. ನಡೆಸುವವರು ಹೆಚ್ಚಿನಂಶ ಇದೇ ಬೀದಿಯವರು. ಮಗುವನ್ನು ಕರೆದುಕೊಂಡು ಮೆಟ್ಟಿಲಿಳಿದರೆ ಸಾಕು.

ಇದಕ್ಕಿಂತ ನನಗೆ ಹತ್ತಿರವಾದದ್ದು ಹಿಪ್ ಟು ಹಿಪ್ ಎನ್ನುವ ನಾಟಕ ತಂಡ. 2007ರಿಂದ ಇವರು ಬೇಸಿಗೆಯಲ್ಲಿ ಪಾರ್ಕಿನಿಂದ ಪಾರ್ಕಿಗೆ ಹೋಗಿ ಶೇಕ್ಸ್‌ಪಿಯರ್ ನಾಟಕಗಳನ್ನು ಪುಕ್ಕಟೆ ಆಡುತ್ತಾರೆ, ಥೇಟ್ ನಮ್ಮ ತಿರುಗಾಟದ ಮೇಳದ ಹಾಗೆ. ಆಟಕ್ಕೆ ಅರ್ಧ ಗಂಟೆ ಮೊದಲು ಮಕ್ಕಳನ್ನು ಕರೆದು, ಕಥೆ ಹೇಳಿ, ಅವರಿಂದಲೂ ಆಡಿಸುತ್ತಾರೆ. ನಾನು ನೋಡಿದ ಸಂಜೆ ಒಬ್ಬ ನಟಿ ಹುಲ್ಲಿನ ಮೇಲೆ ಮಂಡಿಯೂರಿ ಕೂತು ಮಕ್ಕಳ ಕೈಲಿ ಬಿರುಗಾಳಿಯ ಸದ್ದು ಮಾಡಿಸುತ್ತಿದ್ದಳು. ಕೆಲವರು ಬಾಯಲ್ಲಿ ಊದಿದರು, ಕೆಲವರು ತೊಡೆ ತಟ್ಟಿದರು. ಹಿಂದೆ ಬಾಂಗ್ಲಾದ ಅಜ್ಜಿಯೊಬ್ಬರು ಚಾಪೆ ಹಾಸಿ, ಡಬ್ಬಿ ಬಿಚ್ಚಿ, ಮೊಮ್ಮಗನ ಬಾಯಿಗೆ ತುತ್ತಿಡುತ್ತಲೇ ನೋಡುತ್ತಿದ್ದರು. ನಾಲ್ಕು ನೂರು ವರ್ಷ ಹಳೆಯ ಆ ಇಂಗ್ಲಿಷು ಅಲ್ಲಿ ಎಷ್ಟು ಜನರಿಗೆ ಅರ್ಥವಾಗಿರಬಹುದು? ಆದರೂ ಎದ್ದು ಹೋದವರು ಕಡಿಮೆ. ಅರ್ಧಕ್ಕೆ ಎದ್ದು ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ಟಿಕೆಟ್ಟಿಲ್ಲದ ಆಟದ ದೊಡ್ಡ ಸೌಕರ್ಯ ಇದೇ. ಮಗು ಅತ್ತರೆ ದುಡ್ಡು ದಂಡವಾಯಿತು ಎಂಬ ಕಸಿವಿಸಿ ಇಲ್ಲ.

ಸ್ವಲ್ಪ ದೂರದಲ್ಲಿ, ಈಸ್ಟ್ ನದಿಯ ದಂಡೆಯಲ್ಲಿ ಸಾಕ್ರಟೀಸ್ ಶಿಲ್ಪ ಉದ್ಯಾನವಿದೆ. ಒಂದು ಕಾಲಕ್ಕೆ ಕದ್ದುಮುಚ್ಚಿ ಕಸ ಸುರಿಯುತ್ತಿದ್ದ ಜಾಗ. 1986ರಲ್ಲಿ ಮಾರ್ಕ್ ಡಿ ಸುವೆರೊ ಎಂಬ ಶಿಲ್ಪಿ ಇತರ ಕಲಾವಿದರನ್ನೂ ನೆರೆಹೊರೆಯವರನ್ನೂ ಕಟ್ಟಿಕೊಂಡು ಅದನ್ನು ಉದ್ಯಾನ ಮಾಡಿದ. ಆ ಭಾಗದಲ್ಲಿ ಗ್ರೀಕರು ಹೆಚ್ಚು, ಅದಕ್ಕೇ ಆ ಹೆಸರು. ವರ್ಷವಿಡೀ ಯಾರು ಬೇಕಾದರೂ ಹೋಗಬಹುದು, ಪ್ರವೇಶ ಶುಲ್ಕವಿಲ್ಲ.

ಈ ಪುಕ್ಕಟೆ ಸಂಪ್ರದಾಯ ತಾನಾಗಿ ಬಂದದ್ದೇನಲ್ಲ, ಜಗಳವಾಡಿ ಉಳಿಸಿಕೊಂಡದ್ದು. 1950ರ ದಶಕದಲ್ಲಿ ಜೋಸೆಫ್ ಪ್ಯಾಪ್ ಎಂಬ ರಂಗಕರ್ಮಿ ಸೆಂಟ್ರಲ್ ಪಾರ್ಕಿನಲ್ಲಿ ಟಿಕೆಟ್ಟಿಲ್ಲದೆ ನಾಟಕ ಆಡಿಸತೊಡಗಿದ. ಬ್ರೂಕ್ಲಿನ್‌ನ ಬಡ ವಲಸಿಗರ ಮನೆಯಲ್ಲಿ ಹುಟ್ಟಿದವನು. ಆಗ ಉದ್ಯಾನಗಳ ಮುಖ್ಯಸ್ಥನಾಗಿದ್ದವನು ರಾಬರ್ಟ್ ಮೋಸೆಸ್, ನಗರವೇ ನಡುಗುತ್ತಿದ್ದ ಅಧಿಕಾರಿ. ಜನ ಕೂತು ಹುಲ್ಲು ಹಾಳಾಗುತ್ತದೆ, ಟಿಕೆಟ್ ಇಟ್ಟು ಆ ಖರ್ಚು ಕಟ್ಟಿಕೊಡು ಎಂದು ಮೋಸೆಸ್ ಹಟ ಹಿಡಿದ. ಆಗುವುದಿಲ್ಲ ಎಂದ ಪ್ಯಾಪ್ ಕೋರ್ಟಿಗೆ ಹೋದ. 1959ರಲ್ಲಿ ತೀರ್ಪು ಪ್ಯಾಪ್ ಕಡೆಗಾಯಿತು. 1962ರಲ್ಲಿ ಅದೇ ಪಾರ್ಕಿನಲ್ಲಿ ಡೆಲಾಕೋರ್ಟ್ ಬಯಲು ರಂಗಮಂದಿರ ಎದ್ದಿತು. ಇವತ್ತಿಗೂ ಅಲ್ಲಿ ಸುಮಾರು 1,800 ಜನ ಕೂತು ಪುಕ್ಕಟೆ ನಾಟಕ ನೋಡುತ್ತಾರೆ.

ಹುಲ್ಲಿನ ಈ ವ್ಯಾಜ್ಯ ಓದಿದಾಗ ನನಗೆ ನೆನಪಾದದ್ದು ಬೆಂಗಳೂರಿನ ಬಡಾವಣೆ ಪಾರ್ಕುಗಳ ಬೋರ್ಡು. ಹುಲ್ಲಿನ ಮೇಲೆ ನಡೆಯಬಾರದು, ಆಟವಾಡಬಾರದು, ಗುಂಪು ಸೇರಬಾರದು. ಕಬ್ಬನ್ ಪಾರ್ಕಿನಲ್ಲೂ ಲಾಲ್‌ಬಾಗಿನಲ್ಲೂ ಬ್ಯಾಂಡ್‌ಸ್ಟ್ಯಾಂಡ್ ಕಟ್ಟಿಟ್ಟವರು ಉದ್ಯಾನದಲ್ಲಿ ಸಂಗೀತ ಇರಬೇಕೆಂದುಕೊಂಡೇ ಕಟ್ಟಿದ್ದರು. ನಮ್ಮ ಬಡಾವಣೆಗಳ ಪಾರ್ಕು ಮಾತ್ರ ಬೆಳಗಿನ ವಾಕಿಂಗಿಗೆ ಮೀಸಲಾಗಿಬಿಟ್ಟಿದೆ.

ರಜೆಯಲ್ಲಿ ನಮ್ಮ ಮಕ್ಕಳಿಗೆ ಕಲೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರಗಳ ಬ್ಯಾನರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಒಳ್ಳೆಯವೂ ಇವೆ. ನನ್ನ ಆಕ್ಷೇಪವಿರುವುದು ಶಿಬಿರವೊಂದೇ ದಾರಿ ಆಗಿಬಿಟ್ಟದ್ದಕ್ಕೆ. ಫೀಸು ಕಟ್ಟಬಲ್ಲವರ ಮಗು ಒಳಗೆ, ಅದೇ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗು ಗೇಟಿನಾಚೆ. ಅಪ್ಪ ಅಮ್ಮ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕರೆದೊಯ್ಯುತ್ತಾರೆ, ಕೊನೆಯ ದಿನ ಸರ್ಟಿಫಿಕೇಟಿನ ಜೊತೆ ಫೋಟೊ. ಅಜ್ಜಿ ಎಲ್ಲಿ? ದೊಡ್ಡವರೂ ಚಿಕ್ಕವರೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಆಟ ನೋಡುವುದು ತಪ್ಪಿಹೋಯಿತು.

ಇದನ್ನು ನಾವು ಅಮೆರಿಕದಿಂದ ಕಲಿಯಬೇಕಾದ ಸ್ಥಿತಿ ಬಂತಲ್ಲ ಎಂಬುದೇ ನನ್ನ ಸಂಕಟ. ಹರಕೆ ಬಯಲಾಟ ಇದ್ದ, ಈಗಲೂ ಇರುವ ನಾಡು ನಮ್ಮದು. ಕಟೀಲು, ಮಂದಾರ್ತಿ ಮೇಳಗಳ ಆಟವನ್ನು ಒಂದು ಮನೆಯವರು ಹರಕೆ ಹೊತ್ತು ಆಡಿಸುತ್ತಾರೆ, ನೋಡುವುದು ಇಡೀ ಊರು. ಕತ್ತಲಾಗುತ್ತಲೇ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ ಬಳಿ ಮಕ್ಕಳ ಮುತ್ತಿಗೆ. ಮುಖಕ್ಕೆ ಬಣ್ಣ ಹಚ್ಚುವುದು, ಅಕ್ಕಿಹಿಟ್ಟಿನ ಚುಟ್ಟಿ ಇಡುವುದು, ಕಿರೀಟ ಬಿಗಿಯುವುದು ಎಲ್ಲವನ್ನೂ ಬಾಯಿಬಿಟ್ಟು ನೋಡುತ್ತ ನಿಲ್ಲುತ್ತಿದ್ದೆವು. ಆಮೇಲೆ ಪ್ರಸಂಗ ಶುರುವಾಗುವ ಮುಂಚಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರ ಕುಣಿತ, ಕುಣಿಯುವವರೂ ಕಲಿಯುವ ಹುಡುಗರೇ. ಹಿಪ್ ಟು ಹಿಪ್‌ನವರ ಅರ್ಧ ಗಂಟೆ ನೋಡಿದಾಗ ನನ್ನ ಎದೆ ತುಂಬಿದ್ದು ಇದಕ್ಕೆ.

ಬೆಂಗಳೂರಿನಲ್ಲಿ ಹರಕೆಯ ಆಟವನ್ನೇ ಆಡಿಸಿ ಎನ್ನುತ್ತಿಲ್ಲ. ಹೊತ್ತವನೊಬ್ಬ, ನೋಡುವವರೆಲ್ಲ ಎನ್ನುವ ಆ ಕ್ರಮ ಸಾಕು. ವಾರ್ಡಿಗೊಂದು ಪಾರ್ಕು, ಏಪ್ರಿಲ್–ಮೇ ತಿಂಗಳ ಶನಿವಾರ ಸಂಜೆ, ತೊಗಲುಗೊಂಬೆಯೋ ಹರಿಕಥೆಯೋ ಮಕ್ಕಳ ನಾಟಕವೋ. ಕಲಾವಿದರ ಸಂಭಾವನೆಯನ್ನು ಪಾಲಿಕೆ ಕೊಡಲಿ, ಇಲ್ಲವೇ ಬಡಾವಣೆಯ ಸಂಘ ಹೊರಲಿ. ನೋಡುವವರಿಗೆ ಪುಕ್ಕಟೆಯಾಯಿತೆಂದು ಆಡುವವರ ಹೊಟ್ಟೆಗೆ ಹೊಡೆಯಬಾರದು. ಹಾಳಾದ ಹುಲ್ಲು ಜೂನ್ ಮಳೆಗೆ ಚಿಗುರುತ್ತದೆ.

ಇಲ್ಲಿನ ನಮ್ಮ ಕನ್ನಡ ಕೂಟಗಳಿಗೂ ಒಂದು ಮಾತು. ಬಾಡಿಗೆ ಸಭಾಂಗಣದಲ್ಲಿ, ಟಿಕೆಟ್ ಇಟ್ಟು, ನಮ್ಮವರೇ ನಮ್ಮವರಿಗಾಗಿ ಆಡುವ ಯಕ್ಷಗಾನವನ್ನು ಒಂದು ಸಲವಾದರೂ ಪಾರ್ಕಿಗೆ ತನ್ನಿ. ನ್ಯೂಯಾರ್ಕಿನಲ್ಲಿ 20 ಜನಕ್ಕಿಂತ ಹೆಚ್ಚು ಸೇರುವುದಾದರೆ ಪಾರ್ಕ್ ಇಲಾಖೆಯ ಪರವಾನಗಿ ಬೇಕು, ಅರ್ಜಿಗೆ 25 ಡಾಲರ್. ಮೈಕು ಹಾಕುವುದಾದರೆ ಪೊಲೀಸರ ಅನುಮತಿ ಬೇರೆ. ಒಂದೂವರೆ ಗಂಟೆಯ ಪ್ರಸಂಗ ಸಾಕು. ಚೌಕಿಗೆ ಮಾತ್ರ ಪರದೆ ಕಟ್ಟಬೇಡಿ. ಬಣ್ಣ ಹಚ್ಚುವುದನ್ನು ಮರದಡಿ, ಮಕ್ಕಳ ಕಣ್ಣೆದುರಿಗೇ ಮಾಡಿ. ಜ್ಯಾಕ್ಸನ್ ಹೈಟ್ಸ್‌ನ ಮಕ್ಕಳು ಬರುತ್ತಾರೋ ಇಲ್ಲವೋ ಎಂಬ ಚಿಂತೆ ನಿಮಗೆ ಬೇಡ.