ದಾಸೋಹ ಮನೆ ಬಾಗಿಲಿಗೂ ಹೋಗಲಿ, ಫೋಟೋ ಇಲ್ಲದೆ

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ ಹಸಿದವರಿಗೆ ಊಟ ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಚ್‌ಐವಿ ಇರುವ ಹೆಣ್ಣುಮಗಳೊಬ್ಬಳಿಗೆ ಒಂದು ಚೀಲ ಜೋಳ ಕೊಡುವಾಗ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಾರದು ಅನ್ನುವುದನ್ನು ನಾವು ಇನ್ನೂ ಕಲಿತಿಲ್ಲ. ಈ ಮಾತು ಕೆಲವರಿಗೆ ಬೇಸರ ತರಬಹುದು. ಆದರೂ ಹೇಳಲೇಬೇಕು ಅನಿಸಿದೆ.

ನಾನು ಗಂಗಾವತಿ ತಾಲ್ಲೂಕಿನವನು. ಈಗ ಇರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ವಾಷಿಂಗ್ಟನ್ ನಗರದ ಪಕ್ಕ. ಇಲ್ಲಿ ಫುಡ್ ಅಂಡ್ ಫ್ರೆಂಡ್ಸ್ ಅಂತ ಒಂದು ಸಂಸ್ಥೆ ಇದೆ. 1988ರಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶುರುವಾಗಿದ್ದು. ಆಗ ಎಚ್‌ಐವಿಯಿಂದ ಬರುವ ಏಡ್ಸ್ ಕಾಯಿಲೆಗೆ ಸರಿಯಾದ ಔಷಧಿಯೇ ಇರಲಿಲ್ಲ. ಹರೆಯದ ಹುಡುಗರು ಎದ್ದು ಒಲೆ ಹಚ್ಚುವ ಶಕ್ತಿಯೂ ಇಲ್ಲದೆ ಬಾಡಿಗೆ ಕೋಣೆಗಳಲ್ಲಿ ಮಲಗಿದ್ದರು, ಎಷ್ಟೋ ಜನರನ್ನು ಅವರ ಮನೆಯವರೇ ಕೈಬಿಟ್ಟಿದ್ದರು. ಅಂಥವರಿಗೆ ಬಿಸಿ ಊಟ ಮಾಡಿ ಮನೆಗೆ ಮುಟ್ಟಿಸೋಣ ಅಂತ ಕೆಲವರು ಹೊರಟರು. ಅಷ್ಟೇ ಅದರ ಆರಂಭ. ಈಗ ಅದು ದೊಡ್ಡ ಅಡುಗೆಮನೆ. ತರಕಾರಿ ಹೆಚ್ಚಲು, ಊಟ ಕಟ್ಟಲು, ಮನೆ ಮನೆಗೆ ಕೊಂಡೊಯ್ಯಲು ಸಾವಿರಾರು ಜನ ಸಂಬಳವಿಲ್ಲದೆ ಬರುತ್ತಾರೆ. ಚರ್ಚಿನವರು, ಯಹೂದಿಗಳು, ಯಾವ ದೇವರನ್ನೂ ನಂಬದವರು ಒಂದೇ ಮೇಜಿಗೆ ನಿಂತು ಕ್ಯಾರೆಟ್ ಹೆಚ್ಚುತ್ತಾರೆ. ನಮ್ಮ ಪರಿಚಯದ ಕೆಲವು ಕನ್ನಡದ ಮನೆಯವರೂ ಹೋಗುತ್ತಾರೆ, ನಾನೂ ಹೋಗುತ್ತೇನೆ.

ಇಲ್ಲಿನ ಧರ್ಮದವರೆಲ್ಲ ಮೊದಲಿನಿಂದಲೂ ಒಳ್ಳೆಯವರಾಗಿದ್ದರು ಅಂತ ತಿಳಿಯಬೇಡಿ. ಅದೇ ಕಾಲದಲ್ಲಿ ಇದೇ ದೇಶದ ದೊಡ್ಡ ದೊಡ್ಡ ಬೋಧಕರು ಟಿವಿಯಲ್ಲಿ ಕೂತು ಇದು ದೇವರು ಕೊಟ್ಟ ಶಿಕ್ಷೆ ಅನ್ನುತ್ತಿದ್ದರು. ಸತ್ತವರ ಮಣ್ಣಿನ ಕಾರ್ಯ ಮಾಡಲು ಒಪ್ಪದ ಪಾದ್ರಿಗಳಿದ್ದರು. ಇಂಡಿಯಾನಾ ರಾಜ್ಯದ ರಯಾನ್ ವೈಟ್ ಅನ್ನುವ ಹುಡುಗನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ ಇತ್ತು, ಅದಕ್ಕೆ ಕೊಡುತ್ತಿದ್ದ ಔಷಧಿಯಿಂದಲೇ ಎಚ್‌ಐವಿ ಬಂತು. 1985ರಲ್ಲಿ ಅವನನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅವನು 1990ರಲ್ಲಿ ತೀರಿಕೊಂಡ, ಅದೇ ವರ್ಷ ಅವನ ಹೆಸರಿನಲ್ಲಿ ಕಾನೂನು ಬಂತು. ಆ ಕಾನೂನಿನ ದುಡ್ಡಿನಿಂದ ಇವತ್ತಿಗೂ ಬಡ ರೋಗಿಗಳಿಗೆ ಔಷಧಿ ಸಿಗುತ್ತಿದೆ. ಅದೇ 1990ರಲ್ಲಿ ವಾಷಿಂಗ್ಟನ್‌ನಲ್ಲಿ ಡೇವಿಡ್ ಹಿಲ್ಫಿಕರ್ ಅನ್ನುವ ಡಾಕ್ಟರ್ ಜೋಸೆಫ್ಸ್ ಹೌಸ್ ಅಂತ ಒಂದು ಮನೆ ತೆರೆದರು. ಬೀದಿಯಲ್ಲಿ ಮಲಗುತ್ತಿದ್ದ ಏಡ್ಸ್ ರೋಗಿಗಳಿಗೆ ಕೊನೆಗಾಲದಲ್ಲಿ ಒಂದು ಸೂರು ಬೇಕು ಅಂತ. ಬೈಯುವವರೂ ಧರ್ಮದವರೇ, ಎತ್ತಿಕೊಂಡವರಲ್ಲೂ ಧರ್ಮದವರಿದ್ದರು. ನಮ್ಮಲ್ಲೂ ಹಾಗೇ ಅಲ್ವಾ?

ಇಲ್ಲಿ ನನ್ನ ಮನಸ್ಸಿಗೆ ತುಂಬ ಹಿಡಿಸಿದ್ದು ಆ ಊಟದ ಚೀಲ. ಅದರ ಮೇಲೆ ಕಾಯಿಲೆಯ ಹೆಸರಿಲ್ಲ. ಮೊದಲು ಎಚ್‌ಐವಿ ಇದ್ದವರಿಗೆ ಮಾತ್ರ ಕೊಡುತ್ತಿದ್ದರು. ಆಮೇಲೆ ಕ್ಯಾನ್ಸರ್‌ನವರಿಗೆ, ಬೇರೆ ದೊಡ್ಡ ಕಾಯಿಲೆಯವರಿಗೆ ಕೂಡ ಕೊಡಲು ಶುರು ಮಾಡಿದರು. ಹೆಚ್ಚು ಜನರಿಗೆ ಊಟ ಸಿಕ್ಕಿದ್ದಂತೂ ಆಯಿತು, ಜೊತೆಗೆ ಇನ್ನೊಂದು ಲಾಭವೂ ಆಯಿತು ಅಂತ ನನಗೆ ಅನಿಸುತ್ತದೆ. ಆ ಚೀಲ ಹಿಡಿದು ಒಂದು ಮನೆಯ ಮುಂದೆ ಗಾಡಿ ನಿಂತರೆ ಪಕ್ಕದ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಕೊಡಲು ಹೋದವರಿಗೂ ಆ ಮನೆಯವರಿಗೆ ಏನಾಗಿದೆ ಅಂತ ಗೊತ್ತಾಗಬೇಕಾಗಿಲ್ಲ. ಕೇಳುವ ಹಾಗೂ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನೋಡಿದವರಿಗೆ ದಾಸೋಹದ ಬಗ್ಗೆ ನಾನು ಹೇಳಬೇಕಾಗಿಲ್ಲ. ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳು ವಾರಗಟ್ಟಲೆ ಕೂತು ರೊಟ್ಟಿ ಬಡಿಯುತ್ತಾರೆ, ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರ್ ತುಂಬಿಕೊಂಡು ಡೊಳ್ಳು ಭಜನೆ ಮಾಡುತ್ತಾ ಮಠಕ್ಕೆ ಬರುತ್ತವೆ, ಜೋಳ, ಬೇಳೆ, ತರಕಾರಿ, ಕಟ್ಟಿಗೆ ಎಲ್ಲ ರೈತರೇ ತಂದು ಹಾಕುತ್ತಾರೆ, ಪಂಕ್ತಿಯಲ್ಲಿ ಕೂತವನಿಗೆ ನೀನು ಯಾರು, ಯಾವ ಜಾತಿ, ಏನು ಕಾಯಿಲೆ ಅಂತ ಒಬ್ಬರೂ ಕೇಳುವುದಿಲ್ಲ. ಇಂಥದ್ದನ್ನು ನಾನು ಅಮೆರಿಕದಲ್ಲಿ ನೋಡಿಲ್ಲ. ಫುಡ್ ಅಂಡ್ ಫ್ರೆಂಡ್ಸ್ ಊಟ ಬೇಕಾದರೆ ಡಾಕ್ಟರ ಕಡೆಯಿಂದ ಕಾಗದ ಬೇಕು, ಫಾರ್ಮ್ ತುಂಬಬೇಕು. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಅದೇ ಗವಿಮಠದ ಕಟ್ಟಡ ಆಸ್ಪತ್ರೆಯಾಯಿತು. ಅಂಟುರೋಗದವರನ್ನು ಮಠದ ಅಂಗಳಕ್ಕೇ ಕರೆದುಕೊಂಡ ಊರು ನಮ್ಮದು. ಹೀಗಿರುವಾಗ ಎಚ್‌ಐವಿ ವಿಷಯಕ್ಕೆ ಬಂದರೆ ಯಾಕೆ ಹಿಂಜರಿಕೆ? ಜೊತೆಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಬರುವುದೂ ಇಲ್ಲ.

ನಮ್ಮೂರಲ್ಲಿ ಆಶಾ ಕಾರ್ಯಕರ್ತೆಯಾಗಿರುವ ತಂಗಿಯೊಬ್ಬಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಸಂಬಂಧದಲ್ಲಿ ತಂಗಿಯಲ್ಲ, ಓಣಿಯ ಲೆಕ್ಕದಲ್ಲಿ. ನಾವು ಇಲ್ಲಿಂದ ದುಡ್ಡು ಕೂಡಿಸಿ ದಿನಸಿ ಕಿಟ್ ಕೊಡಿಸಿದರೆ ಹೇಗೆ ಅಂತ ಕೇಳಿದೆ. ಅವಳು ಹೇಳಿದ್ದು ಇಷ್ಟು: "ಕೊಡ್ರಿ ಅಣ್ಣಾ, ಯಾರು ಬ್ಯಾಡ ಅಂತಾರ. ಆದ್ರ ಬ್ಯಾನರ್ ಕಟ್ಟಿ, ಸ್ಟೇಜ್ ಮ್ಯಾಲ ಕರದು ಕೊಡೂದಾದ್ರ ಒಬ್ರೂ ಬರಂಗಿಲ್ಲ ನೋಡ್ರಿ. ಹ್ವಾದ ಸಲ ಪೇಪರ್‌ನ್ಯಾಗ ಫೋಟೋ ಬಂದ ಮ್ಯಾಲ ಒಬ್ಬಾಕಿ ಮಗಳಿಗೆ ಗೊತ್ತಾಗಿದ್ದ ಗಂಡು ಬಿಟ್ಟುಹೋತು."

ಒಂದು ಫೋಟೋದಿಂದ ಒಂದು ಮದುವೆ ನಿಂತುಹೋಯಿತು. ಆ ಕಿಟ್‌ನಲ್ಲಿ ಏನಿದ್ದಿರಬಹುದು, ಅಕ್ಕಿ, ತೊಗರಿಬೇಳೆ, ಎಣ್ಣೆ. ಅದಕ್ಕೆ ಆ ಮನೆ ಎಷ್ಟು ಬೆಲೆ ಕೊಟ್ಟಿತು!

ವಿಶ್ವ ಏಡ್ಸ್ ದಿನ, ಡಿಸೆಂಬರ್ 1 ಬಂತೆಂದರೆ ನಮ್ಮಲ್ಲಿ ಜಾಥಾ, ಭಾಷಣ, ಕೆಂಪು ರಿಬ್ಬನ್. ಅದು ಇರಲಿ, ಬೇಡ ಅನ್ನುವುದಿಲ್ಲ. ಆದರೆ 2017ರ ಎಚ್‌ಐವಿ ಕಾಯ್ದೆ, ಅದು ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಒಬ್ಬರಿಗೆ ಎಚ್‌ಐವಿ ಇದೆ ಅನ್ನುವುದನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡಬಾರದು ಅನ್ನುತ್ತದೆ. ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಇದೇ ಕಾರಣಕ್ಕೆ ತೆಗೆಯಬಾರದು ಅನ್ನುತ್ತದೆ. ದಾನ ಕೊಡುವವರಿಗೆ ಇದರಿಂದ ವಿನಾಯಿತಿ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ ಫೋಟೋ ತೆಗೆದಿರಬಹುದು, ಆ ಮನೆಗೆ ಆಗುವ ನಷ್ಟ ಅದರಿಂದ ಕಡಿಮೆ ಆಗುವುದಿಲ್ಲ.

ಹಾಗಂತ ಹೆಸರು ಯಾವತ್ತೂ ಹೊರಗೆ ಬರಬಾರದು ಅಂತಲೂ ಅಲ್ಲ. 1987ರ ಅಕ್ಟೋಬರ್‌ನಲ್ಲಿ ಇದೇ ವಾಷಿಂಗ್ಟನ್‌ನ ದೊಡ್ಡ ಬಯಲಿನಲ್ಲಿ ಏಡ್ಸ್‌ನಿಂದ ಸತ್ತವರ ಹೆಸರು ಹೊಲಿದ ಬಟ್ಟೆಗಳನ್ನು ಸೇರಿಸಿ ಹಾಸಿದರು. ಒಂದೊಂದು ತುಂಡು 3 ಅಡಿ ಅಗಲ, 6 ಅಡಿ ಉದ್ದ. ನಮ್ಮ ಅಜ್ಜಿಯಂದಿರು ಹಳೇ ಸೀರೆ, ಧೋತರ ಕೂಡಿಸಿ ಹೊಲಿಯುವ ಕೌದಿಯ ಹಾಗೆಯೇ ಅದು, ಮಕ್ಕಳ ಅಂಗಿ, ಗೊಂಬೆ, ಪತ್ರ ಎಲ್ಲ ಸೇರಿಸಿ ಹೊಲಿದಿದ್ದರು. ಆದರೆ ಅದನ್ನು ಹೊಲಿದವರು ಸತ್ತವರ ತಾಯಂದಿರು, ಗೆಳೆಯರು. ಹೆಸರು ಹೇಳಬೇಕು ಅಂತ ತೀರ್ಮಾನ ಮಾಡಿದ್ದು ಅವರೇ. ನಮ್ಮಲ್ಲಿ ಆ ತೀರ್ಮಾನವನ್ನು ಕಿಟ್ ಕೊಡಲು ಬಂದವರು ಮಾಡಿಬಿಡುತ್ತಾರೆ. ನನ್ನ ಸಿಟ್ಟು ಇರುವುದು ಅದರ ಮೇಲೆ.

ಇನ್ನೊಂದು ವಿಷಯ, ಹೇಳಲು ಕಷ್ಟ ಆದರೂ ಹೇಳುತ್ತೇನೆ. ನಮ್ಮ ಭಾಗದಲ್ಲಿ ಈ ಸೋಂಕು ಹರಡಿದ ಕತೆಯಲ್ಲಿ ದೇವರ ಹೆಸರೂ ಇದೆ. ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿ ಮಾಡಿದ ಹೆಣ್ಣುಮಕ್ಕಳ ಮಾತು ಹೇಳುತ್ತಿದ್ದೇನೆ. ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಹುಡುಗಿಯರನ್ನು ಎಲ್ಲಮ್ಮನ ಹೆಸರಿನಲ್ಲಿ, ಹುಲಿಗೆಮ್ಮನ ಹೆಸರಿನಲ್ಲಿ ಬಿಟ್ಟರು. 1982ರ ಕಾಯ್ದೆ ಅದನ್ನು ನಿಷೇಧ ಮಾಡಿತು, ಆಮೇಲೂ ಕದ್ದುಮುಚ್ಚಿ ನಡೆಯಿತು. ಅವರಲ್ಲಿ ಎಷ್ಟೋ ಜನ ಎಚ್‌ಐವಿಯಿಂದ ನರಳಿದರು, ಸತ್ತರು, ಊರವರು ಅವರನ್ನೇ ದೂರಿದರು. ಹುಣ್ಣಿಮೆಗೆ ಹುಲಿಗೆಮ್ಮನ ಊರಾದ ಹುಲಿಗಿಗೆ ಸಾವಿರಾರು ಜನ ಹೋಗುತ್ತಾರೆ, ನಮ್ಮ ಮನೆಯವರೂ ಹೋಗುತ್ತಾರೆ, ಭಕ್ತಿ ನನಗೂ ಇದೆ. ಅದಕ್ಕೇ ಹೇಳುತ್ತೇನೆ, ದೇವಿಯ ಹೆಸರಿನಲ್ಲಿ ಬಾಳು ಕಳೆದುಕೊಂಡವರನ್ನು ಮುಪ್ಪಿನಲ್ಲಿ ನೋಡಿಕೊಳ್ಳುವುದು ಆ ದೇವಿಯ ಭಕ್ತರ ಸಾಲ. ಅದನ್ನು ಸರ್ಕಾರದ ಪಿಂಚಣಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

ಈಗ ಔಷಧಿ ಇದೆ. ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಿಂದ ಎಚ್‌ಐವಿ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತಿದೆ. 2017ರಿಂದ ಸೋಂಕು ಗೊತ್ತಾದ ಕೂಡಲೇ ಗುಳಿಗೆ ಶುರು ಮಾಡುತ್ತಾರೆ, ಮೊದಲಿನ ಹಾಗೆ ಸಿಡಿ4 ಅನ್ನುವ ರಕ್ತಕಣಗಳ ಲೆಕ್ಕ ಇಳಿಯುವ ತನಕ ಕಾಯಿಸುವುದಿಲ್ಲ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ ಆಗುತ್ತದೆ, ಹಾಗೆ ಕಡಿಮೆಯಾಗಿಯೇ ಉಳಿದರೆ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಕೂಡುವುದರಿಂದ ಹರಡುವುದಿಲ್ಲ. ಬಸುರಿ ಇದ್ದಾಗ ಗುಳಿಗೆ ತಗೊಂಡರೆ ಮಗುವಿಗೂ ಬಾರದ ಹಾಗೆ ಮಾಡಬಹುದು. ಇದನ್ನು ಸ್ವಾಮಿಗಳು ಪ್ರವಚನದಲ್ಲಿ, ಮೌಲ್ವಿಗಳು ಶುಕ್ರವಾರ, ಪಾದ್ರಿಗಳು ಭಾನುವಾರ ಒಂದು ಸಲ ಹೇಳಿದರೆ ಸಾವಿರ ಪೋಸ್ಟರ್‌ಗಿಂತ ಜಾಸ್ತಿ ಕೆಲಸ ಆಗುತ್ತದೆ. ನಮ್ಮ ಜನ ಡಾಕ್ಟರ ಮಾತು ಮರೆತರೂ ಅಜ್ಜಾರ, ಅಂದರೆ ಮಠದ ಸ್ವಾಮಿಗಳ ಮಾತು ಮರೆಯುವುದಿಲ್ಲ.

ಗುಳಿಗೆ ಪುಕ್ಕಟೆ ಇದ್ದರೂ ಅದನ್ನು ತರುವುದು ಪುಕ್ಕಟೆ ಅಲ್ಲ. ಒಂದು ದಿನದ ಕೂಲಿ ಹೋಗುತ್ತದೆ. ಗುರುತಿನವರು ನೋಡಿಬಿಟ್ಟರೆ ಅಂತ ಹೆದರಿ ತಮ್ಮ ತಾಲ್ಲೂಕು ಬಿಟ್ಟು ಬೇರೆ ಜಿಲ್ಲೆಯ ಎಆರ್‌ಟಿ ಸೆಂಟರಿಗೆ ಹೋಗುವವರಿದ್ದಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಇಲ್ಲ, ದೊಡ್ಡ ಉಪಕಾರ ಆಯಿತು. ಆದರೆ ಹಳ್ಳಿಯಿಂದ ಬಸ್ ಸಿಗುವ ಊರಿನ ತನಕ ಟಂಟಂ ಆಟೋದ ಚಾರ್ಜ್ ಇದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಅತ್ತೆ ಇದ್ದಾಳೆ. ಮಳೆ ಇಲ್ಲದ ವರ್ಷ ಗುಳೆ ಹೋಗಬೇಕು. ಬೆಂಗಳೂರಿಗೋ ಗೋವಾಕ್ಕೋ ಕಟ್ಟಡ ಕೆಲಸಕ್ಕೆ ಹೋದಾಗ ಗುಳಿಗೆ ತಪ್ಪಿಹೋಗುತ್ತದೆ. ಹೋಗುವ ಮುಂಚೆ ಸೆಂಟರಿನಲ್ಲಿ ಹೇಳಿದರೆ ಅಲ್ಲಿಯ ಸೆಂಟರಿನಲ್ಲಿ ಗುಳಿಗೆ ಪಡೆಯುವ ದಾರಿ ಮಾಡಿಕೊಡುತ್ತಾರೆ, ಎಷ್ಟೋ ಜನರಿಗೆ ಇದೇ ಗೊತ್ತಿಲ್ಲ. ಮಠದವರೋ ಮಸೀದಿಯವರೋ ಸಹಾಯ ಮಾಡಬಹುದಾದ ಜಾಗಗಳು ಇವೇ. ಒಂದು ದಿನ ಮಕ್ಕಳನ್ನು ನೋಡಿಕೊಳ್ಳುವುದು, ಟಂಟಂ ಚಾರ್ಜ್ ಕೊಡುವುದು, ಕ್ಷಯವೂ ಜೊತೆಗೆ ಇದ್ದವರ ಮನೆಗೆ ಮೊಟ್ಟೆ, ಶೇಂಗಾ, ಬೇಳೆ ಮುಟ್ಟಿಸುವುದು. ಅಕ್ಕನ ಬಳಗದಂಥ ಹೆಣ್ಣುಮಕ್ಕಳ ಗುಂಪುಗಳು ಊರೂರಲ್ಲಿ ಇವೆ, ಅವರಿಗೆ ಇದು ಹೊಸ ಕೆಲಸವೇನೂ ಅಲ್ಲ.

ಅಮೆರಿಕದಲ್ಲಿ ಒಂದು ಕೊರತೆ ನನಗೆ ಪ್ರತಿ ಸಲ ಕಾಣುತ್ತದೆ. ಬಾಗಿಲು ತೆರೆಯುತ್ತದೆ, ಚೀಲ ಕೊಡುತ್ತೇವೆ, ಥ್ಯಾಂಕ್ಸ್ ಅನ್ನುತ್ತಾರೆ, ಬಾಗಿಲು ಮುಚ್ಚುತ್ತದೆ. ಆ ಮನೆಯಲ್ಲಿ ಇಡೀ ದಿನ ಬೇರೆ ಯಾರೂ ಮಾತಾಡಿಸಿರುವುದಿಲ್ಲ. ನಮ್ಮೂರಲ್ಲಾದರೆ ಒಳಗೆ ಕರೆದು ಚಹಾ ಕೊಡದೆ ಕಳಿಸುವುದಿಲ್ಲ, ಅರ್ಧ ತಾಸು ಕೂತು ಸುಖದುಃಖ ಮಾತಾಡಿ ಬರುತ್ತೇವೆ. ಆ ಅರ್ಧ ತಾಸಿಗೆ ಎಷ್ಟೋ ಸಲ ಬೇಳೆಗಿಂತ ಬೆಲೆ ಜಾಸ್ತಿ. ಅಲ್ಲಿ ಕೇಳಿದ್ದು ಕಟ್ಟೆಯ ಮೇಲೆ ಮಾತಾಗಬಾರದು, ಅಷ್ಟೇ. ಬಾಯಿ ಬಿಗಿಹಿಡಿಯಲು ಆಗದವರು ಮಠದಲ್ಲಿ ರೊಟ್ಟಿ ಬಡಿಯಲಿ, ಮನೆಗೆ ಹೋಗುವ ಕೆಲಸ ಬೇಡ.

ಮಾಡುವುದಾದರೆ ಹೀಗೆ ಮಾಡಬಹುದು. ಹೆಸರುಗಳು ಎಆರ್‌ಟಿ ಸೆಂಟರಿನ ಕೌನ್ಸೆಲರ್ ಹತ್ತಿರವೇ ಇರಲಿ. ಯಾರಿಗೆ ಬೇಕು ಅಂತ ಅವರು ರೋಗಿಗಳನ್ನೇ ಕೇಳಲಿ, ಬೇಕು ಅಂದವರ ವಿಳಾಸ ಮಾತ್ರ ಬರಲಿ. ಚೀಲ ಎಚ್‌ಐವಿಯವರಿಗೆ ಮಾತ್ರ ಅಂತ ಮಾಡಬೇಡಿ, ಕ್ಷಯ, ಕ್ಯಾನ್ಸರ್, ಡಯಾಲಿಸಿಸ್‌ನವರಿಗೂ ಅದೇ ಚೀಲ, ಅದೇ ಗಾಡಿ. ಮನೆಗೆ ಬರುವುದೇ ಬೇಡ ಅನ್ನುವವರಿಗೆ ಜಾತ್ರೆಯ ದಾಸೋಹದ ಪಂಕ್ತಿ ಇದ್ದೇ ಇದೆ. ಏನೂ ತೋಚದವರು 1097ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಉಚಿತ ಸಹಾಯವಾಣಿ.

ಇನ್ನು ನಮ್ಮಂಥ ಹೊರನಾಡಿನವರಿಗೆ ಒಂದು ಮಾತು. ಊರಲ್ಲಿ ಫೋಟೋ ತೆಗೆಯುವುದಕ್ಕೆ ನಾವೂ ಕಾರಣ. ದುಡ್ಡು ಕಳಿಸುತ್ತೇವೆ, ಮಾರನೇ ದಿನವೇ ಫೋಟೋ ಕಳಿಸಿ ಅಂತ ವಾಟ್ಸಾಪ್ ಮಾಡುತ್ತೇವೆ. ಅವರಾದರೂ ಏನು ಮಾಡಬೇಕು? ಲೆಕ್ಕ ಕೇಳಿ, ಅದು ನಮ್ಮ ಹಕ್ಕು. ಎಷ್ಟು ಕಿಲೋ ಬೇಳೆ, ಎಷ್ಟು ಮನೆ, ಟಂಟಂಗೆ ಎಷ್ಟು ಖರ್ಚಾಯಿತು, ಅಂಗಡಿಯ ಬಿಲ್ ಎಲ್ಲಿದೆ, ಎಲ್ಲ ಕೇಳಿ. ಮುಖ ಮಾತ್ರ ಕೇಳಬೇಡಿ. ನಾವು ಕೆಲವರು ಸೇರಿ ಈ ವರ್ಷ ಕಳಿಸುವ ದುಡ್ಡಿಗೆ ಇದನ್ನೇ ಮೊದಲ ಷರತ್ತು ಅಂತ ಬರೆದು ಕಳಿಸಿದ್ದೇವೆ.