ಅದು ಬಂಡೆಯಲ್ಲ, ಕಾಲಿಡಬೇಡಿ

ಚಿತ್ರದುರ್ಗದಲ್ಲಿ ಬೆಳೆದ ನಮಗೆ ಬಂಡೆ ಕಂಡರೆ ಹತ್ತಬೇಕು ಅನ್ನಿಸುತ್ತೆ. ಅದೇ ಅಭ್ಯಾಸ ಸಮುದ್ರದಲ್ಲಿ ಎಷ್ಟು ಹಾಳು ಮಾಡುತ್ತೆ ಅಂತ ಕಳೆದ ಡಿಸೆಂಬರ್‌ನಲ್ಲಿ ನೇತ್ರಾಣಿಯಲ್ಲಿ ಕಣ್ಣಾರೆ ಕಂಡೆ.

ಮುರುಡೇಶ್ವರದಿಂದ ದ್ವೀಪಕ್ಕೆ ಸುಮಾರು 19 ಕಿ.ಮೀ. ಹತ್ತಿರ ಹೋದಂತೆ ನಮ್ಮ ಬೆಟ್ಟವೇ ನೀರಲ್ಲಿ ನಿಂತ ಹಾಗೆ ಕಾಣುತ್ತೆ. ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಅಲ್ಲಿ ಮುಳುಗಿ ಕಣ್ಣು ಬಿಟ್ಟರೆ ಹಸಿರು ಕತ್ತಲು. ಇಲ್ಲಿ ಮಾಸ್ಕ್ ಹಾಕಿ ಮುಖ ಅದ್ದಿದ ಕೂಡಲೇ ತಳವೇ ಕಂಡಿತು. ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿದವು. ಗಿಳಿಮೀನೊಂದು ಕೊಕ್ಕಿನಂಥ ಹಲ್ಲಲ್ಲಿ ಪಾಚಿ ಕೆರೆಯೋ ಕರಕರ ಸದ್ದು ಕಿವಿಗೇ ಕೇಳಿಸ್ತು. ಪಾಚಿಯ ಜೊತೆ ಹವಳದ ಸುಣ್ಣವನ್ನೂ ಅರೆದು ನುಂಗಿ ಮರಳಾಗಿ ಹೊರಹಾಕುತ್ತಂತೆ. ಅದರ ಹಿಂದೆ ಎಷ್ಟು ಹೊತ್ತು ತೇಲಿದೆನೋ.

ಅಷ್ಟರಲ್ಲಿ ತಂಗಿ ಮಗ ಕೂಗಿದ: "ಮಾಮ, ಇಲ್ಲಿ ಬಂಡೆ ಸಿಕ್ತು, ಬಾ ನಿಂತ್ಕೊಳ್ಳೋಣ!" ನೋಡಿದರೆ ದುಂಡನೆಯ ಹವಳದ ಗುಡ್ಡೆ ಮೇಲೆ ನಿಂತಿದ್ದಾನೆ.

ಹುಡುಗನದು ತಪ್ಪಲ್ಲ. ಬೋಟಿನವರು ಲೈಫ್ ಜಾಕೆಟ್ ಬಗ್ಗೆ ಹೇಳಿದರು, ಫೋಟೊ ರೇಟು ಹೇಳಿದರು. ಹವಳ ಮುಟ್ಟಬೇಡಿ ಅಂತ ಒಂದು ಮಾತಿಲ್ಲ. ನನಗೆ ಈಗಲೂ ಸಿಟ್ಟಿರೋದು ಅದಕ್ಕೇ.

ಹವಳ ಕಲ್ಲಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಗಳು ಒಟ್ಟಾಗಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅಂಥ ದುಂಡು ಹವಳ ಬೆಳೆಯೋದು ವರ್ಷಕ್ಕೆ ಸುಮಾರು 1 ಸೆಂ.ಮೀ. ಮೈಯೊಳಗಿನ ಪಾಚಿಯೇ ಅದಕ್ಕೆ ಅನ್ನ ಹಾಕೋದು, ಬಣ್ಣ ಕೊಡೋದು. ನೀರು ಹೆಚ್ಚು ದಿನ ಬಿಸಿಯಾಗಿದ್ದರೆ ಆ ಪಾಚಿ ಹೊರಟುಹೋಗಿ ಹವಳ ಬೆಳ್ಳಗಾಗುತ್ತೆ. ಹಾಗೇ ಮುಂದುವರಿದರೆ ಹಸಿದು ಸಾಯುತ್ತೆ. ಜಗತ್ತಿನಾದ್ಯಂತ ನಾಲ್ಕನೇ ಸಲ ಹೀಗಾಗ್ತಿದೆ ಅಂತ ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಕಡಲಿನ ಬಿಸಿ ಇಳಿಸೋದು ನನ್ನೊಬ್ಬನ ಕೈಲಾಗಲ್ಲ. ಕಾಲು ಎತ್ತಿಕೊಳ್ಳೋದು ಆಗುತ್ತೆ.

ಕೋಟೆ ಗೋಡೆ ಮೇಲೆ ಯಾರೋ ಹೆಸರು ಕೆತ್ತಿದ್ದು ಕಂಡರೆ ನಮ್ಮೂರಿನವರಿಗೆ ಮೈಯೆಲ್ಲ ಉರಿಯುತ್ತೆ. ಅದೇ ಉರಿ ಇಲ್ಲಿಗೂ ಬೇಕು. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರೋ ಮೊದಲನೇ ಪಟ್ಟಿಯಲ್ಲೇ ಹವಳವೂ ಇದೆ, ಒಂದು ತುಂಡು ಮುರಿದು ತಂದರೂ ಅಪರಾಧ.

ಸುಸ್ತಾದರೆ ಟ್ಯೂಬ್ ಹಿಡಿದು ತೇಲಿ. ಮೀನಿಗೆ ಬ್ರೆಡ್ಡು, ಬಿಸ್ಕೆಟ್ ಎಸೀಬೇಡಿ. ಸನ್‌ಸ್ಕ್ರೀನ್ ಮೆತ್ತಿಕೊಳ್ಳೋ ಬದಲು ತುಂಬುತೋಳಿನ ಟೀ ಶರ್ಟ್ ಹಾಕ್ಕೊಳ್ಳಿ.

ಸಂಕ್ರಾಂತಿಗೆ ನಮ್ಮ ಬೀದಿಯಿಂದ ಇನ್ನೊಂದು ಗಾಡಿ ಹೊರಡ್ತಿದೆ. ಅವರನ್ನ ಮೊನ್ನೆ ಕೂರಿಸಿಕೊಂಡು ಇದೆಲ್ಲ ಹೇಳಿದೆ. ನೀವೂ ಹೋಗೋರಿದ್ದರೆ ದುಡ್ಡು ಕಟ್ಟೋ ಮೊದಲೇ ಬೋಟಿನವರನ್ನ ಕೇಳಿ, ಲಂಗರು ಎಲ್ಲಿ ಬಿಡ್ತೀರಿ, ಮರಳ ಮೇಲೋ ಹವಳದ ಮೇಲೋ ಅಂತ.